ಕಲ್ಲು ಕೈಬಿಟ್ಟ ಮೇಲೆ: ಸ್ಕಾಟ್ಲೆಂಡಿನ ಕರ್ಲಿಂಗ್ ಊರುಗಳಲ್ಲಿ

ಗುರುವಾರ, ಪೇಸ್ಲಿ

ಸ್ಕಾಟ್ಲೆಂಡಿಗೆ ಹೋಗುವವರು ಕೋಟೆ, ಸರೋವರ, ವಿಸ್ಕಿ ಎಂದು ಪಟ್ಟಿ ಹಿಡಿದು ಹೊರಡುತ್ತಾರೆ. ನಾನು ಹೊರಟದ್ದು ಕಲ್ಲು ನೋಡಲು. ಗ್ಲಾಸ್ಗೋದಲ್ಲಿ ಓದುತ್ತಿರುವ ತಂಗಿಯ ಮಗಳು ಕರ್ಲಿಂಗ್ ಆಟಕ್ಕೆ ಬಿದ್ದು ವರ್ಷವಾಗಿತ್ತು. ಚಳಿಗಾಲದ ಒಲಿಂಪಿಕ್ಸ್ ಬಂದಾಗಲೆಲ್ಲ ಟಿವಿಯಲ್ಲಿ ಈ ಆಟ ಕಾಣಿಸುತ್ತದೆ. ಒಬ್ಬರು ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಬಿಡುತ್ತಾರೆ, ಇಬ್ಬರು ಅದರ ಮುಂದೆ ನೆಲ ಉಜ್ಜುತ್ತ ಓಡುತ್ತಾರೆ, ದೂರದಲ್ಲಿ ನಿಂತ ನಾಲ್ಕನೆಯವರು ಗಂಟಲು ಹರಿಯುವಂತೆ ಕೂಗುತ್ತಾರೆ. ಇದನ್ನು ನೋಡಿ ನಗದ ಭಾರತೀಯರು ಕಡಿಮೆ. ನನ್ನ ನಗುವನ್ನು ಫೋನಿನಲ್ಲಿ ಕೇಳಿಸಿಕೊಂಡ ಅವಳು, "ದೊಡ್ಡಮ್ಮ, ಸೆಪ್ಟೆಂಬರ್ ಕೊನೆಗೆ ಬನ್ನಿ. ಅಷ್ಟರಲ್ಲಿ ಆಟದ ಮಂಜಿನ ಅಂಗಳಗಳು, ಅಂದರೆ ರಿಂಕ್‌ಗಳು, ತೆರೆದಿರುತ್ತವೆ, ಕಲ್ಲು ಸಿಗುವ ಏಲ್ಸಾ ಕ್ರೇಗ್ ದ್ವೀಪದ ದೋಣಿಯೂ ಇನ್ನೂ ಓಡಾಡುತ್ತಿರುತ್ತದೆ. ನೋಡಿ ಆಮೇಲೆ ನಗುವಿರಂತೆ" ಎಂದಿದ್ದಳು.

ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಪೇಸ್ಲಿ ಪಕ್ಕದ ಊರು. ಮಳೆ ಜಿನುಗುತ್ತಿತ್ತು. ಸಾಮಾನನ್ನು ಕೋಣೆಯಲ್ಲಿಟ್ಟು ಪೇಸ್ಲಿಯ ಹಳೆಯ ಅಬ್ಬಿಗೆ, ಅಂದರೆ ಕ್ರೈಸ್ತ ಮಠಕ್ಕೆ, ಹೋದೆವು. ಅಲ್ಲಿ ಕರ್ಲಿಂಗ್‌ಗೆ ಸಂಬಂಧಿಸಿದ್ದು ಕಣ್ಣಿಗೆ ಬೀಳುವಂತಹದ್ದು ಏನೂ ಇಲ್ಲ. ಇರುವುದು ಒಂದು ಕಥೆ. 1541ರ ಫೆಬ್ರವರಿಯಲ್ಲಿ ಈ ಮಠದ ಸನ್ಯಾಸಿ ಜಾನ್ ಸ್ಕ್ಲೇಟರ್, ಮಠಾಧಿಪತಿಯ ಕಡೆಯ ಗ್ಯಾವಿನ್ ಹ್ಯಾಮಿಲ್ಟನ್‌ಗೆ ಸವಾಲು ಹಾಕಿ, ಹೆಪ್ಪುಗಟ್ಟಿದ ನೀರಿನ ಮೇಲೆ ಮೂರು ಸಲ ಕಲ್ಲು ಬಿಟ್ಟು ತೋರಿಸಿದನಂತೆ. ಅದನ್ನು ನೋಟರಿಯೊಬ್ಬ ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟ. ಆಟದ ಬಗ್ಗೆ ಸ್ಕಾಟ್ಲೆಂಡಿನಲ್ಲಿ ಸಿಕ್ಕಿರುವ ಮೊದಲ ಬರಹ ಅದೇ. ಸನ್ಯಾಸಿಗಳು ಆಟಕ್ಕೆ ನೋಟರಿ ಕರೆಸುವಷ್ಟು ಹಟ ಹಿಡಿದಿದ್ದರು ಎಂಬುದೇ ನನಗೆ ಸೋಜಿಗ. ಮಳೆ ಬಲವಾಯಿತು, ನಿದ್ರೆಯೂ ಎಳೆಯುತ್ತಿತ್ತು, ವಾಪಸು ಬಂದೆವು.

ಶುಕ್ರವಾರ, ಸ್ಟರ್ಲಿಂಗ್

ಸ್ಟರ್ಲಿಂಗ್‌ನ ಸ್ಮಿತ್ ವಸ್ತುಸಂಗ್ರಹಾಲಯ ಚಿಕ್ಕದು. ಪ್ರಪಂಚದ ಅತಿ ಹಳೆಯ ಕಾಲ್ಚೆಂಡು ಇಲ್ಲಿದೆ ಎಂದು ಜನ ಬರುತ್ತಾರೆ; ನಾವು ಹುಡುಕಿಕೊಂಡು ಹೋದದ್ದು 1511 ಎಂಬ ಇಸವಿ ಕೊರೆದಿರುವ ಕಲ್ಲನ್ನು. ಡನ್‌ಬ್ಲೇನ್ ಹತ್ತಿರ ಕೊಳವೊಂದರ ನೀರು ಬಸಿದಾಗ ತಳದಲ್ಲಿ ಸಿಕ್ಕಿದ್ದಂತೆ. ಈಗಿನ ಗುಂಡು ಕಲ್ಲಿಗೂ ಇದಕ್ಕೂ ಯಾವ ಹೋಲಿಕೆಯೂ ಇಲ್ಲ. ಆ ಕಾಲದಲ್ಲಿ ಹೊಳೆದಂಡೆಯಲ್ಲಿ ಸಿಕ್ಕ ಚಪ್ಪಟೆ ಕಲ್ಲಿಗೆ ಬೆರಳು ತೂರಿಸಲು ಗುಳಿ ಮಾಡಿಕೊಂಡು ಆಡುತ್ತಿದ್ದರು. ಹಿಡಿ ಬಂದದ್ದು ಆಮೇಲೆ. ಒಬ್ಬೊಬ್ಬರ ಕಲ್ಲು ಒಂದೊಂದು ಆಕಾರ, ಒಂದೊಂದು ತೂಕ. ಬಲವಂತ ಭಾರದ ಕಲ್ಲು ತಂದರೆ ಎದುರಾಳಿ ಏನು ಮಾಡಬೇಕು? ಎಲ್ಲರೂ ಒಪ್ಪುವ ನಿಯಮ ಬೇಕೆಂದು 1838ರಲ್ಲಿ ಎಡಿನ್‌ಬರೋದಲ್ಲಿ ಗ್ರ್ಯಾಂಡ್ ಕ್ಯಾಲೆಡೋನಿಯನ್ ಕರ್ಲಿಂಗ್ ಕ್ಲಬ್ ಹುಟ್ಟಿತು. 1842ರಲ್ಲಿ ವಿಕ್ಟೋರಿಯಾ ರಾಣಿ ಪರ್ತ್ ಬಳಿಯ ಸ್ಕೂನ್ ಅರಮನೆಗೆ ಬಂದಾಗ, ನುಣುಪಾದ ಮರದ ನೆಲದ ಮೇಲೆಯೇ ಕಲ್ಲು ಜಾರಿಸಿ ಅವಳಿಗೆ ಆಟ ತೋರಿಸಿದರು. ಮರುವರ್ಷ ಕ್ಲಬ್ಬಿನ ಹೆಸರಿಗೆ 'ರಾಯಲ್' ಸೇರಿತು. ಅರಮನೆಯ ಆ ನೆಲದ ಗತಿ ಏನಾಯಿತೋ ಎಂಬ ನನ್ನ ಚಿಂತೆಗೆ ತಂಗಿಯ ಮಗಳ ಹತ್ತಿರ ಉತ್ತರವಿರಲಿಲ್ಲ.

ಸಂಜೆ ಪೀಕ್ ಕ್ರೀಡಾ ಕೇಂದ್ರಕ್ಕೆ ಹೋದೆವು. 2017ರಿಂದ ಸ್ಕಾಟ್ಲೆಂಡಿನ ರಾಷ್ಟ್ರೀಯ ಕರ್ಲಿಂಗ್ ಅಕಾಡೆಮಿ ಇರುವುದು ಇಲ್ಲೇ. ಗಾಜಿನ ಗೋಡೆಯ ಹಿಂದೆ ಕಾಫಿ ಹಿಡಿದು ಕುಳಿತರೆ ಕೆಳಗೆ ಆಟ ಕಾಣುತ್ತದೆ. ಹಂಗಾಮು ಆಗಷ್ಟೇ ಶುರುವಾಗಿತ್ತು. ಸ್ಥಳೀಯ ತಂಡಗಳು ಆಡುತ್ತಿದ್ದವು. ಹದಿಹರೆಯದ ಹುಡುಗಿಯೂ ಎಪ್ಪತ್ತು ದಾಟಿದಂತೆ ಕಾಣುವ ಅಜ್ಜನೂ ಒಂದೇ ತಂಡದಲ್ಲಿದ್ದರು. ಇಂಥ ಆಟ ಇನ್ನೊಂದನ್ನು ನಾನು ನೋಡಿಲ್ಲ.

ನಿಯಮ ನನಗೆ ಅರ್ಥವಾದದ್ದು ಆ ಗಾಜಿನ ಹಿಂದೆ. ಆಡುವ ಪಟ್ಟಿಗೆ ಶೀಟ್ ಎನ್ನುತ್ತಾರೆ. ಉದ್ದ ಸುಮಾರು 45.7 ಮೀಟರ್, ಅಗಲ ಹೆಚ್ಚೆಂದರೆ 5 ಮೀಟರ್. ಎರಡೂ ತುದಿಯಲ್ಲಿ ಮಂಜಿನೊಳಗೆ ಬಣ್ಣದ ವರ್ತುಲಗಳು. ಹೊರವರ್ತುಲದ ಅಡ್ಡಳತೆ 12 ಅಡಿ. ಈ ಇಡೀ ವರ್ತುಲವೇ 'ಹೌಸ್', ನಟ್ಟನಡುವಿನ ಚುಕ್ಕೆ 'ಬಟನ್'. ತಂಡಕ್ಕೆ ನಾಲ್ವರು, ತಲೆಗೆ ಎರಡು ಕಲ್ಲು, ಎರಡೂ ತಂಡದವರು ಒಬ್ಬರಾದ ಮೇಲೊಬ್ಬರಂತೆ ಬಿಡುತ್ತಾರೆ. ಹದಿನಾರು ಕಲ್ಲು ಮುಗಿದರೆ ಒಂದು 'ಎಂಡ್'. ಆಗ ಹೌಸ್‌ನೊಳಗೆ ಬಟನ್‌ಗೆ ಎಲ್ಲಕ್ಕಿಂತ ಹತ್ತಿರ ಯಾರ ಕಲ್ಲಿದೆಯೋ ಅವರಿಗಷ್ಟೇ ಅಂಕ. ಎದುರಾಳಿಯ ಅತಿ ಹತ್ತಿರದ ಕಲ್ಲಿಗಿಂತ ಒಳಗೆ ಅವರದು ಎಷ್ಟಿವೆಯೋ ಅಷ್ಟು ಅಂಕ. ಕೆಂಪು ತಂಡದ ಎರಡು ಕಲ್ಲು ಒಳಗಿದ್ದು, ಮೂರನೆಯದಕ್ಕಿಂತ ಹಳದಿ ತಂಡದ ಕಲ್ಲು ಒಂದು ಬೆರಳು ಹತ್ತಿರವಿದ್ದರೆ ಕೆಂಪಿಗೆ ಎರಡೇ. ಹಳದಿಗೆ ಸೊನ್ನೆ.

"ಹಾಗಾದರೆ ಕೊನೆಯ ಕಲ್ಲು ಯಾರ ಕೈಯಲ್ಲಿದೆಯೋ ಅವರದೇ ಮೇಲುಗೈ ಅಲ್ಲವೇ?" ಎಂದೆ.

"ಅದಕ್ಕೇ ಅದಕ್ಕೆ ಹ್ಯಾಮರ್ ಎಂದು ಹೆಸರು. ಆದರೆ ದೊಡ್ಡಮ್ಮ, ಅಂಕ ಗಳಿಸಿದ ತಂಡ ಮುಂದಿನ ಎಂಡ್‌ನಲ್ಲಿ ಹ್ಯಾಮರನ್ನು ಬಿಟ್ಟುಕೊಡಬೇಕು. ಹಾಗಾಗಿ ಒಂದೇ ಅಂಕ ಸಿಗುವ ಹಾಗಿದ್ದರೆ ಬೇಕೆಂದೇ ಕೊನೆಯ ಕಲ್ಲನ್ನು ಹೊರಗೆ ಕಳಿಸಿ, ಯಾರಿಗೂ ಅಂಕವಿಲ್ಲದಂತೆ ಮಾಡಿ ಹ್ಯಾಮರನ್ನು ಉಳಿಸಿಕೊಳ್ಳುತ್ತಾರೆ."

ಕೈಗೆ ಬಂದ ಒಂದನ್ನು ಬೇಡವೆಂದು ಬಿಟ್ಟು ಮುಂದಿನ ಎರಡಕ್ಕೆ ಕಾಯುವ ಈ ಲೆಕ್ಕಾಚಾರ ತಲೆಗೆ ಹೋದ ಮೇಲೆ ಆಟ ಬೇರೆಯೇ ಆಗಿ ಕಾಣತೊಡಗಿತು. ಮೊದಲು ಬಿಡುವವರು ಕಲ್ಲನ್ನು ಹೌಸ್‌ನ ಮುಂದೆ ಕಾವಲಿಗೆ ನಿಲ್ಲಿಸುತ್ತಾರೆ; ಆಮೇಲಿನವರ ಕಲ್ಲು ಅದರ ಬೆನ್ನಿಗೆ ಬಾಗಿ ಹೋಗಿ ಅಡಗುತ್ತದೆ; ಎದುರಾಳಿ ಕಾವಲನ್ನು ಒಡೆಯಲು ನೋಡುತ್ತಾನೆ. ಶುರುವಿನಲ್ಲೇ ಒಡೆಯಲೂ ಬಿಡುವುದಿಲ್ಲ. ಹೌಸ್‌ನ ಹೊರಗೆ ಮುಂದೆ ನಿಂತ ಎದುರಾಳಿಯ ಕಾವಲನ್ನು ಆರನೆಯ ಕಲ್ಲಿಗಿಂತ ಮೊದಲು ಹೊಡೆದು ಆಚೆ ಹಾಕುವಂತಿಲ್ಲ. ಈ ನಿಯಮ ಇಲ್ಲದ ಕಾಲದಲ್ಲಿ ಮುಂದಿರುವ ತಂಡ ಬಂದ ಬಂದ ಕಲ್ಲನ್ನೆಲ್ಲ ಹೊಡೆದು ಬರಿದು ಮಾಡಿ ಆಟವನ್ನು ಸಪ್ಪೆ ಮಾಡಿಬಿಡುತ್ತಿತ್ತಂತೆ.

ಶನಿವಾರ, ಕಿಲ್ಸೈತ್ ಮತ್ತು ಮೆಂಟೀತ್ ಸರೋವರ

ಕಿಲ್ಸೈತ್ ಬೇಗ ಮುಗಿಯಿತು. 1716ರಲ್ಲಿ ಸ್ಥಾಪನೆಯಾದ ಇಲ್ಲಿನ ಕ್ಲಬ್ ಎಲ್ಲಕ್ಕಿಂತ ಹಳೆಯದು ಎನ್ನುತ್ತಾರೆ. ಕೋಲ್ಜಿಯಮ್ ತೋಟದಲ್ಲಿ ಕರ್ಲಿಂಗ್‌ಗೆಂದೇ ಕಟ್ಟಿಕೊಂಡ ಕೊಳವಿದೆ. ನಾವು ಹೋದಾಗ ಅದರಲ್ಲಿ ಬಾತುಕೋಳಿಗಳಿದ್ದವು.

ಮೆಂಟೀತ್ ಸರೋವರದ ದಡದಲ್ಲಿ ಮಾತ್ರ ಬಹಳ ಹೊತ್ತು ಕುಳಿತೆವು. ಎದುರಿನ ದ್ವೀಪದಲ್ಲಿ ಪಾಳುಬಿದ್ದ ಇಂಚ್‌ಮಹೋಮ್ ಮಠ. ಇಷ್ಟು ದೊಡ್ಡ ನೀರು ಆಳಿನ ಭಾರ, ಕಲ್ಲಿನ ಭಾರ ಹೊರುವಷ್ಟು ಗಟ್ಟಿಯಾಗಬೇಕಾದರೆ ಎಂಥ ಚಳಿ ಬೇಕು! ಹಾಗೆ ಗಟ್ಟಿಯಾದ ವರ್ಷ 'ಗ್ರ್ಯಾಂಡ್ ಮ್ಯಾಚ್' ನಡೆಯುತ್ತಿತ್ತು, ಸ್ಕಾಟ್ಲೆಂಡಿನ ಉತ್ತರದವರಿಗೂ ದಕ್ಷಿಣದವರಿಗೂ. ಮೊದಲನೆಯದು 1847ರಲ್ಲಿ ಪೆನಿಕ್ಯೂಕ್‌ನಲ್ಲಿ. ಆಮೇಲೆ ಕಾರ್ಸ್‌ಬ್ರೆಕ್‌ನಲ್ಲಿ ಇದಕ್ಕಾಗಿಯೇ ಕೆರೆಗಳನ್ನು ಸಜ್ಜುಗೊಳಿಸಿ, ಆಟಗಾರರಿಗೆಂದೇ ರೈಲು ನಿಲ್ದಾಣವನ್ನೂ ಕಟ್ಟಿದ್ದರು. ಚಳಿ ಹಿಡಿದ ಸುದ್ದಿ ಬಂದ ಕೂಡಲೇ ಜಮೀನ್ದಾರ, ಪಾದ್ರಿ, ಗೇಣಿದಾರ ಎಲ್ಲರೂ ಕಲ್ಲು ಹೊತ್ತು ಅದೇ ರೈಲು ಹತ್ತಬೇಕು. ಈ ಮೆಂಟೀತ್‌ನಲ್ಲಿ ಕೊನೆಯ ಗ್ರ್ಯಾಂಡ್ ಮ್ಯಾಚ್ ನಡೆದದ್ದು 1979ರ ಫೆಬ್ರವರಿ 7ರಂದು. ಎರಡು ಸಾವಿರಕ್ಕೂ ಹೆಚ್ಚು ಜನ ಆಡಿದರು. 2010ರಲ್ಲಿ ಮತ್ತೆ ನೀರು ಗಟ್ಟಿಯಾದಾಗ ಆಡಿಸುವ ಮಾತು ಎದ್ದಿತ್ತು. ಸುರಕ್ಷತೆಯ ಕಾರಣಕ್ಕೆ ಕೈಬಿಟ್ಟರು. ಚಳಿಗಾಲಗಳು ಬೆಚ್ಚಗಾಗುತ್ತಿವೆ. ಇನ್ನೊಂದು ಗ್ರ್ಯಾಂಡ್ ಮ್ಯಾಚ್ ಆಗುವುದೆಂದು ಪಣ ಕಟ್ಟುವ ಧೈರ್ಯ ನನಗಂತೂ ಇಲ್ಲ.

ಭಾನುವಾರ, ಗರ್ವನ್‌ನಿಂದ ಏಲ್ಸಾ ಕ್ರೇಗ್

ಗ್ಲಾಸ್ಗೋದಿಂದ ದಕ್ಷಿಣಕ್ಕೆ ರೈಲಿನಲ್ಲಿ ಗರ್ವನ್. ಬಂದರಿನಲ್ಲಿ ಇಳಿಯುವ ಮೊದಲೇ ಏಲ್ಸಾ ಕ್ರೇಗ್ ಕಾಣುತ್ತದೆ. ದಡದಿಂದ ಸುಮಾರು 16 ಕಿಲೋಮೀಟರ್ ದೂರದಲ್ಲಿ, ಬಯಲಾದ ಸಮುದ್ರದ ನಡುವೆ ಒಂದೇ ಒಂದು ಗುಡ್ಡ. ಎತ್ತರ 338 ಮೀಟರ್. ಹಿಂದಿನ ದಿನ ಗಾಳಿಗೆ ದೋಣಿ ಹೋಗಿರಲಿಲ್ಲವಂತೆ. ನಮ್ಮ ಅದೃಷ್ಟಕ್ಕೆ ಆ ದಿನ ಅಲೆಗಳು ಸುಮ್ಮನಿದ್ದವು.

ಇಳಕಲ್ ಎಂದರೆ ಎಲ್ಲರೂ ಸೀರೆ ನೆನೆಯುತ್ತಾರೆ. ನಮ್ಮ ಮನೆಯಲ್ಲಿ ಮಾತು ಯಾವಾಗಲೂ ಕಲ್ಲಿನದೇ. ಅಪ್ಪನಿಗೆ ಅಲ್ಲಿ ಗ್ರಾನೈಟ್ ಪಾಲಿಶ್ ಕಾರ್ಖಾನೆಯಿತ್ತು. ಖಣಿಯಿಂದ ಬಂದ ಕೆಂಪು ಬ್ಲಾಕಿನ ಮೇಲೆ ನೀರು ಚೆಲ್ಲಿ, ಎಷ್ಟು ಹೊತ್ತಿಗೆ ಒಣಗುತ್ತದೆ, ಎಲ್ಲಿ ಕಪ್ಪಾಗಿ ಉಳಿಯುತ್ತದೆ ಎಂದು ಅವರು ನೋಡುತ್ತಿದ್ದರು. ನೀರು ಕುಡಿಯುವ ಕಲ್ಲಿಗೆ ಬೆಲೆ ಕಡಿಮೆ. ಕರ್ಲಿಂಗ್ ಕಲ್ಲಿನ ಜೀವಾಳವೂ ಅದೇ ಎಂದು ಗೊತ್ತಾದಾಗಲೇ ನನಗೆ ಈ ಆಟದ ಮೇಲೆ ಮಮತೆ ಹುಟ್ಟಿದ್ದು. ಮಂಜಿನ ಮೇಲೆ ಓಡುವ ಕಲ್ಲು ನೀರು ಹೀರಿದರೆ ಆ ನೀರು ಒಳಗೇ ಹೆಪ್ಪುಗಟ್ಟಿ ಹಿಗ್ಗುತ್ತದೆ, ಕಲ್ಲಿನ ಮೈಯಿಂದ ಚೂರು ಏಳುತ್ತದೆ, ಓಟ ಕೆಡುತ್ತದೆ. ಅದರ ಜತೆಗೆ ಹತ್ತೊಂಬತ್ತು ಕಿಲೋ ತೂಕದ ಇನ್ನೊಂದು ಕಲ್ಲು ಬಂದು ಗುದ್ದಿದರೂ ಸೀಳಬಾರದು. ಒಂದು ಕಲ್ಲಿಗೆ ಈ ಎರಡೂ ಗುಣ ಇರುವುದು ಅಪರೂಪ.

ಸುಮಾರು ಆರು ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿನಿಂದ ನುಗ್ಗಿದ ಶಿಲಾರಸ ಬೇಗ ತಣ್ಣಗಾಗಿ ಹುಟ್ಟಿದ ಗುಡ್ಡ ಇದು. ಬೇಗ ಆರಿದ್ದರಿಂದ ಹರಳು ಬೆಳೆಯಲು ಸಮಯ ಸಿಗಲಿಲ್ಲ. ಕಣ ಬಹಳ ಸಣ್ಣದು, ಒತ್ತೊತ್ತಾದದ್ದು. ನಮ್ಮ ಕೆಂಪು ಗ್ರಾನೈಟ್‌ನಲ್ಲಿ ಹರಳುಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಬಹುದು. ಇಲ್ಲಿ ದಡದಲ್ಲಿ ಬಿದ್ದ ಚೂರನ್ನು ಕೈಗೆತ್ತಿಕೊಂಡರೆ ಬೂದು ಮೈಯೊಳಗೆ ನೀಲಿ ಛಾಯೆಯ ಚುಕ್ಕೆಗಳು ಹೌದೋ ಅಲ್ಲವೋ ಎನ್ನುವಷ್ಟು ಮಾತ್ರ. ಇಲ್ಲಿನ ಕಲ್ಲಿನಲ್ಲೇ ಬಗೆಗಳಿವೆ. 'ಬ್ಲೂ ಹೋನ್' ನೀರು ಕುಡಿಯುವುದೇ ಇಲ್ಲವೆನ್ನುವಷ್ಟು ಬಿಗಿ. ಅದರಿಂದ ಕಲ್ಲಿನ ಓಡುವ ಮೈ. 'ಕಾಮನ್ ಗ್ರೀನ್' ಪೆಟ್ಟು ತಾಳುತ್ತದೆ. ಅದರಿಂದ ಕಲ್ಲಿನ ಒಡಲು. ಎತ್ತಿಕೊಂಡ ಚೂರನ್ನು ಅಲ್ಲಿಯೇ ಇಟ್ಟೆ. ಇಡೀ ದ್ವೀಪ ಪಕ್ಷಿಧಾಮ, ತರುವುದು ತಪ್ಪು.

ದೋಣಿ ಹಿಂಬದಿಗೆ ಸುತ್ತಿದಾಗ ಗ್ಯಾನೆಟ್ ಹಕ್ಕಿಗಳ ಗಲಾಟೆಗೆ ಮಾತು ಕೇಳಿಸಲಿಲ್ಲ. ಬಂಡೆಯ ಒಂದೊಂದು ಅಂಚೂ ಬಿಳಿ. ಹಡಗುಗಳ ಜತೆ ಬಂದ ಇಲಿಗಳು ಇಲ್ಲಿನ ಪಫಿನ್ ಹಕ್ಕಿಗಳನ್ನು ಇಲ್ಲವಾಗಿಸಿದ್ದವು. 1991ರಲ್ಲಿ ಇಲಿಗಳನ್ನು ನಿರ್ಮೂಲ ಮಾಡಿದ ಮೇಲೆ ಪಫಿನ್‌ಗಳು ಮರಳಿ ಗೂಡು ಕಟ್ಟಿವೆ. ಆದರೆ ಆ ತಿಂಗಳಿಗೆ ಅವು ಕಡಲಿಗೆ ಹೊರಟುಹೋಗಿದ್ದವು. 1886ರ ದೀಪಸ್ತಂಭದಲ್ಲಿ ಈಗ ಯಾರೂ ಇಲ್ಲ. ಅದರ ಹತ್ತಿರ ತುಕ್ಕು ಹಿಡಿದ ಕಿರಿದಾದ ಹಳಿ, ಮುರುಕು ಮನೆಗಳು. ಖಣಿಗಾರಿಕೆ ನಿಂತು ದಶಕಗಳಾಗಿವೆ. ಈಗ ಸಿಡಿಮದ್ದು ಇಡುವಂತಿಲ್ಲ. ಹಿಂದೆ ಬಿದ್ದ ಬಂಡೆಗಳಲ್ಲಿ ಆರಿಸಿ, ಹಕ್ಕಿಗಳ ಮರಿಗಾಲ ಮುಗಿದ ಮೇಲೆ ಕೆಲವು ವರ್ಷಕ್ಕೊಮ್ಮೆ ದೋಣಿಗೆ ತುಂಬುತ್ತಾರೆ. 2013ರಲ್ಲಿ ಹಾಗೆ ಒಮ್ಮೆ ಸಾಗಿಸಿದ ಬಂಡೆಗಳು ಬಹಳ ವರ್ಷಕ್ಕೆ ಸಾಕಾಗುವಷ್ಟಿದ್ದವು. ಖಣಿಯ ಪಕ್ಕದಲ್ಲೇ ಬೆಳೆದವಳಿಗೆ ಈ ಮಿತ ಕಂಡು ಹೊಟ್ಟೆಕಿಚ್ಚಾಯಿತು. ನಮ್ಮ ಊರಿನ ಗುಡ್ಡಗಳಿಗೆ ಇಂಥ ಹಕ್ಕಿಗಳ ಕಾವಲಿರಲಿಲ್ಲ.

ಸೋಮವಾರ, ಮಾಕ್‌ಲಿನ್

ರಾತ್ರಿ ಏರ್ ಪಟ್ಟಣದಲ್ಲಿ ತಂಗಿದ್ದು, ಬೆಳಿಗ್ಗೆ ಬಸ್ಸಿನಲ್ಲಿ ಮಾಕ್‌ಲಿನ್‌ಗೆ ಬಂದೆವು. ಕವಿ ರಾಬರ್ಟ್ ಬರ್ನ್ಸ್ ಬೇಸಾಯ ಮಾಡುತ್ತ ಬದುಕಿದ್ದ ಊರು. ಇಲ್ಲಿನ ಕೇಸ್ ಕಂಪನಿ 1851ರಿಂದ ಕರ್ಲಿಂಗ್ ಕಲ್ಲು ಮಾಡುತ್ತಿದೆ. ಒಲಿಂಪಿಕ್ಸ್‌ನ ಕಲ್ಲುಗಳು ಇಲ್ಲಿಂದಲೇ ಹೋಗುತ್ತವೆ. ಮೊದಲೇ ಬರೆದು ಕೇಳಿದ್ದರಿಂದ ಒಳಗೆ ನೋಡಲು ಬಿಟ್ಟರು.

ನಾನು ಊಹಿಸಿದ್ದಕ್ಕಿಂತ ಬಹಳ ಚಿಕ್ಕ ಜಾಗ. ಒಳಗೆ ಕಾಲಿಟ್ಟ ಕೂಡಲೇ ಒದ್ದೆ ಕಲ್ಲುಪುಡಿಯ ವಾಸನೆ ಮೂಗಿಗೆ ಬಡಿಯಿತು. ಕಲ್ಲನ್ನು ದಪ್ಪ ಹಲಗೆಯಾಗಿ ಕೊಯ್ದು, ಅದರಿಂದ ದುಂಡಾದ ತುಂಡುಗಳನ್ನು ಕೊರೆದು ತೆಗೆಯುತ್ತಾರೆ. ಆಮೇಲೆ ಲೇತ್ ಯಂತ್ರದಲ್ಲಿ ಆಕಾರ, ಪಾಲಿಶ್. ಕಾಮನ್ ಗ್ರೀನ್ ಒಡಲಿನ ಅಡಿಯಲ್ಲಿ ಗುಳಿ ತೋಡಿ ಬ್ಲೂ ಹೋನ್ ಬಿಲ್ಲೆಯನ್ನು ಕೂರಿಸುತ್ತಾರೆ. ಜೋಡಣೆಯ ಗೆರೆ ಉಗುರಿಗೆ ತಾಗುವುದಿಲ್ಲ. ಕಲ್ಲಿನ ಅಡಿ ಸಪಾಟಾಗಿದೆ ಎಂದುಕೊಂಡಿದ್ದೆ, ಅಲ್ಲ, ಅದು ಒಳಬಾಗಿದೆ. ಮಂಜಿಗೆ ತಾಗುವುದು ಬಳೆಯಾಕಾರದ ಒಂದು ಕಿರಿದಾದ ಪಟ್ಟಿ ಮಾತ್ರ, ಅಗಲ ಒಂದು ಸೆಂಟಿಮೀಟರ್ ಕೂಡ ಇಲ್ಲ. ಸುತ್ತಳತೆಯ ನಡುವೆ ಪಾಲಿಶ್ ಮಾಡದೆ ಬಿಟ್ಟ ಒರಟು ಪಟ್ಟಿಯೇ ಕಲ್ಲಿಗೆ ಕಲ್ಲು ತಾಗುವ ಜಾಗ. ತೂಕ 17.24ರಿಂದ 19.96 ಕಿಲೋ ಒಳಗಿರಬೇಕು, ಸುತ್ತಳತೆ 914 ಮಿಲಿಮೀಟರ್ ಮೀರಬಾರದು. ಕೊನೆಗೆ ನಟ್ಟನಡುವಿನ ತೂತಿಗೆ ಬೋಲ್ಟ್ ಹಾಕಿ ಹಿಡಿ ಬಿಗಿದರೆ ಕಲ್ಲು ಸಿದ್ಧ.

ಹದಿನಾರು ಕಲ್ಲು ಒಂದರಂತೆ ಒಂದು ಓಡಬೇಕು. ಆದರೂ ಒಳ್ಳೆಯ ಆಟಗಾರರು ಪಂದ್ಯಾವಳಿಗೆ ಮುಂಚೆ ಪ್ರತಿ ಕಲ್ಲನ್ನೂ ಬಿಟ್ಟು ನೋಡಿ, ಯಾವುದು ಹೆಚ್ಚು ಬಾಗುತ್ತದೆ, ಯಾವುದು ಸ್ವಲ್ಪ ಸೋಮಾರಿ ಎಂದು ಬರೆದುಕೊಳ್ಳುತ್ತಾರೆ ಎಂದು ತಂಗಿಯ ಮಗಳು ಹೇಳಿದಳು. ಇದನ್ನು ಕೇಳಿದ್ದರೆ ಅಪ್ಪ ಖುಷಿಪಡುತ್ತಿದ್ದರು. ಒಂದೇ ಬ್ಲಾಕಿನಿಂದ ಕೊಯ್ದ ಎರಡು ಹಲಗೆ ಎಂದೂ ಒಂದೇ ಅಲ್ಲ ಎಂಬುದು ಅವರ ನಂಬಿಕೆಯಾಗಿತ್ತು.

ಈ ಏರ್‌ಶೈರ್ ಸೀಮೆಯವರಾದ ರೋನಾ ಮಾರ್ಟಿನ್ 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ಕೊನೆಯ ಕಲ್ಲಿನಲ್ಲಿ 4-3ರಿಂದ ಚಿನ್ನ ಗೆದ್ದರು. ಬ್ರಿಟನ್‌ನಲ್ಲಿ ಆಗ ಮಧ್ಯರಾತ್ರಿ ಕಳೆದಿತ್ತು, ಲಕ್ಷಾಂತರ ಜನ ಎದ್ದು ಕುಳಿತು ನೋಡಿದರು. 1924ರಲ್ಲಿ ಶಾಮೊನಿಯಲ್ಲಿ ಸ್ಕಾಟ್ಲೆಂಡಿನ ಗಂಡಸರು ಗೆದ್ದ ಚಿನ್ನದ ಕಥೆ ಇನ್ನೂ ವಿಚಿತ್ರ: ಅದು ಅಧಿಕೃತ ಒಲಿಂಪಿಕ್ ಪದಕವೇ ಹೌದು ಎಂದು ಖಚಿತವಾದದ್ದು 2006ರಲ್ಲಿ. ಗೆದ್ದವರಲ್ಲಿ ಕೇಳಲು ಯಾರೂ ಉಳಿದಿರಲಿಲ್ಲ.

ಮಂಗಳವಾರ, ಮಂಜಿನ ಮೇಲೆ

ಹೊಸಬರಿಗೆಂದು ಹಂಗಾಮಿನ ಆರಂಭದಲ್ಲಿ ಸ್ಕಾಟ್ಲೆಂಡಿನ ರಿಂಕ್‌ಗಳು 'ಟ್ರೈ ಕರ್ಲಿಂಗ್' ತರಗತಿ ನಡೆಸುತ್ತವೆ. ಕೆನಡಾದಲ್ಲಂತೂ ಊರೂರಿಗೆ ಕರ್ಲಿಂಗ್ ಕ್ಲಬ್ ಇದೆ. ಟೊರಾಂಟೊ, ಕ್ಯಾಲ್ಗರಿಗಳಲ್ಲಿ ನೆಲೆಸಿರುವ ಕನ್ನಡಿಗರು ಚಳಿಗಾಲವನ್ನು ಶಪಿಸುತ್ತ ಮನೆಯಲ್ಲಿ ಕೂರುವ ಬದಲು ಒಮ್ಮೆ ಬಾಗಿಲು ತಟ್ಟಬಹುದು. ಕಲ್ಲು, ಪೊರಕೆ, ಜಾರುವ ಅಟ್ಟೆ ಎಲ್ಲ ಅಲ್ಲೇ ಕೊಡುತ್ತಾರೆ. ನೀವು ತರಬೇಕಾದದ್ದು ಹಿಗ್ಗುವ ಪ್ಯಾಂಟು, ಕೈಗವಸು, ರಸ್ತೆಯಲ್ಲಿ ಮೆಟ್ಟದ ಶುಚಿಯಾದ ಷೂ. ಷೂಗಳ ವಿಷಯದಲ್ಲಿ ಅವರು ನಮ್ಮ ದೇವಸ್ಥಾನದವರಿಗಿಂತ ಕಟ್ಟುನಿಟ್ಟು. ಒಂದು ಮರಳಿನ ಕಾಳು ಬಿದ್ದರೆ ಕಲ್ಲು ಎತ್ತಲೋ ತಿರುಗುತ್ತದೆ.

ಬೇಗ ಹೋಗಿದ್ದರಿಂದ ಮಂಜನ್ನು ಸಿದ್ಧಪಡಿಸುವುದನ್ನು ನೋಡುವ ಅವಕಾಶವಾಯಿತು. ಸ್ಕೇಟಿಂಗ್ ಮಾಡುವ ಮಂಜು ಗಾಜಿನಂತೆ ನುಣುಪು, ಇದು ಹಾಗಲ್ಲ. ಒಬ್ಬಾತ ಬೆನ್ನಿಗೆ ನೀರಿನ ತೊಟ್ಟಿ ಕಟ್ಟಿಕೊಂಡು, ಜಾಲರಿ ಹಿಡಿದ ಕೈಯನ್ನು ಅತ್ತಿತ್ತ ಬೀಸುತ್ತ ಹಿಂದಕ್ಕೆ ನಡೆದು ಬಂದ. ಸಿಡಿದ ಹನಿಗಳು ಬಿದ್ದಲ್ಲೇ ಹೆಪ್ಪುಗಟ್ಟಿದವು. ಬಗ್ಗಿ ಸವರಿದರೆ, ಅನ್ನದ ಅಗುಳು ಒಣಗಿ ಅಂಟಿಕೊಂಡ ತಟ್ಟೆಯ ಹಾಗೆ ಬೆರಳಿಗೆ ತಾಗುತ್ತಿತ್ತು. ಇದಕ್ಕೆ ಪೆಬಲ್ ಎನ್ನುತ್ತಾರೆ. ಕಲ್ಲು ಈ ಹನಿಗಳ ತಲೆಯ ಮೇಲಷ್ಟೇ ಓಡುತ್ತದೆ. ಸಪಾಟು ಮಂಜಾದರೆ ಅರ್ಧ ದಾರಿಗೂ ಹೋಗದೆ ನಿಂತುಬಿಡುತ್ತದೆ.

ಕಲಿಸಲು ಬಂದವರು ನನಗಿಂತ ಹಿರಿಯ ಮಹಿಳೆ. ಕಲ್ಲು ಬಿಡುವವರು ಹ್ಯಾಕ್ ಎಂಬ ರಬ್ಬರ್ ಮೆಟ್ಟಿಗೆ ಬಲಗಾಲು ಒತ್ತಿ, ಎಡಗಾಲಿನ ಜಾರು ಅಟ್ಟೆಯ ಮೇಲೆ ಮೈ ಇಳಿಸಿ, ಕಲ್ಲಿನ ಜತೆ ತಾವೂ ಜಾರಿ ಹೋಗಿ, ಈ ಬದಿಯ ಹಾಗ್ ಗೆರೆ, ಅಂದರೆ ಹೌಸ್‌ನ ಮುಂದೆ ಮಂಜಿಗೆ ಅಡ್ಡಲಾಗಿ ಎಳೆದ ಗೆರೆ, ದಾಟುವ ಮುನ್ನ ಕೈಬಿಡಬೇಕು. ಅವರು ಮಾಡಿ ತೋರಿಸಿದಾಗ ಮೊಣಕಾಲು ಮಂಜಿಗೆ ಇನ್ನೇನು ತಾಗುವಷ್ಟು ತಗ್ಗಿತ್ತು. ನನ್ನ ಮುಖ ನೋಡಿ, "ನಿಮ್ಮ ಮೊಣಕಾಲು ಒಪ್ಪುತ್ತದೆಯೇ?" ಎಂದು ಕೇಳಿದರು. "ಕೆಳಗೆ ಕೂರಲು ಒಪ್ಪುತ್ತದೆ, ಏಳಲು ಒಪ್ಪುವುದಿಲ್ಲ" ಎಂದೆ. ನಕ್ಕು, ಮೂಲೆಯಿಂದ ಒಂದು ಉದ್ದ ಕೋಲು ತಂದರು. ಅದರ ತುದಿ ಕಲ್ಲಿನ ಹಿಡಿಗೆ ಸಿಕ್ಕಿಕೊಳ್ಳುತ್ತದೆ. ನಿಂತುಕೊಂಡೇ ನಾಲ್ಕು ಹೆಜ್ಜೆ ನಡೆದು ಕಲ್ಲನ್ನು ಮುಂದೆ ಕಳಿಸಬಹುದು. ಗಾಲಿಕುರ್ಚಿಯ ಆಟಗಾರರೂ ಇದನ್ನೇ ಬಳಸುತ್ತಾರೆ. 2006ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿ ಅವರ ಪಂದ್ಯಗಳಿವೆ, ಅಲ್ಲಿ ಪೊರಕೆಯ ಸಹಾಯವೂ ಇಲ್ಲ.

ಬಲ ಹಾಕುವುದಲ್ಲ ಕೆಲಸ. ಕಲ್ಲಿನ ಹಿಡಿಯನ್ನು ಗಡಿಯಾರದ ಹತ್ತು ಗಂಟೆಯ ಕಡೆಗೋ ಎರಡು ಗಂಟೆಯ ಕಡೆಗೋ ತಿರುಗಿಸಿಟ್ಟುಕೊಂಡು, ಬಿಡುವ ಹೊತ್ತಿಗೆ ಹನ್ನೆರಡಕ್ಕೆ ತರಬೇಕು. ಅಷ್ಟೇ ತಿರುವು. ಆ ತುದಿ ಮುಟ್ಟುವುದರೊಳಗೆ ಕಲ್ಲು ಎರಡು ಮೂರು ಸುತ್ತು ತಿರುಗಿದರೆ ಸಾಕು. ವೇಗ ಕುಗ್ಗಿದಂತೆ ಅದು ಬಾಗತೊಡಗುತ್ತದೆ. ಎಷ್ಟು ಬಾಗಬಹುದೋ ಅಷ್ಟು ಆಚೆಗೆ ತಂಡದ ನಾಯಕ, ಅಂದರೆ ಸ್ಕಿಪ್, ಪೊರಕೆ ಹಿಡಿದು ನಿಲ್ಲುತ್ತಾನೆ. ನೀವು ಗುರಿಯಿಡಬೇಕಾದದ್ದು ಪೊರಕೆಗೆ, ಕಲ್ಲು ಹೋಗಿ ಸೇರಬೇಕಾದ ಜಾಗಕ್ಕಲ್ಲ.

ಚಹಾದ ವಿರಾಮದಲ್ಲಿ ಆಕೆ ಮೇಜಿನ ಮೇಲೆ ಒಂದು ಲೋಟ ಬೋರಲು ಹಾಕಿ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ ಮುಂದಕ್ಕೆ ತಳ್ಳಿದರು. ಅದು ಎಡಕ್ಕೆ ಬಾಗಿತು. ಕರ್ಲಿಂಗ್ ಕಲ್ಲು ಅದೇ ತಿರುವಿಗೆ ಬಲಕ್ಕೆ ಬಾಗುತ್ತದೆ. ಏಕೆ? 2013ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು, ಕಲ್ಲಿನ ಮುಂಭಾಗ ಪೆಬಲ್ ಮೇಲೆ ಎಳೆದ ಸೂಕ್ಷ್ಮ ಗೀರುಗಳೇ ಹಿಂಭಾಗವನ್ನು ಪಕ್ಕಕ್ಕೆ ನಡೆಸುತ್ತವೆ ಎಂದರು. ಬೇರೆಯವರು ಒಪ್ಪಲಿಲ್ಲ. ವಾದ ಇನ್ನೂ ನಡೆಯುತ್ತಿದೆ. ಐನೂರು ವರ್ಷದಿಂದ ಆಡುತ್ತಿರುವ ಆಟದ ಮೂಲ ಗುಟ್ಟೇ ಇನ್ನೂ ತೀರ್ಮಾನವಾಗಿಲ್ಲ ಎನ್ನುವಾಗ ಆಕೆಯ ದನಿಯಲ್ಲಿ ಹೆಮ್ಮೆ ಇತ್ತು.

ಇನ್ನು ಗುಡಿಸುವುದು. ನಾನು ನಕ್ಕಿದ್ದು ಇದಕ್ಕೇ ತಾನೆ? ಪೊರಕೆ ಎಂದರೆ ಈಗ ಬಟ್ಟೆಯ ದಿಂಬು ಕಟ್ಟಿದ ಕೋಲು. ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಕಲ್ಲಿನ ಮುಂದೆ ಬಿರುಸಾಗಿ ಉಜ್ಜಿದರೆ ಮಂಜು ಕ್ಷಣಮಾತ್ರ ಬೆಚ್ಚಗಾಗಿ ಘರ್ಷಣೆ ಕಡಿಮೆಯಾಗುತ್ತದೆ. ಕಲ್ಲು ಇನ್ನಷ್ಟು ದೂರ ಹೋಗುತ್ತದೆ, ಬಾಗುವುದೂ ತಡವಾಗುತ್ತದೆ. ಗುಡಿಸಿ ಅದರ ವೇಗ ತಗ್ಗಿಸಲಾಗದು. ಆದ್ದರಿಂದ ಬಿಡುವವರು ಜೋರಾಗಿ ಬಿಟ್ಟರೆ ಯಾರೂ ಕಾಪಾಡಲಾರರು. ಕೊಂಚ ಮೆತ್ತಗೆ ಬಿಟ್ಟರೆ ಉಳಿದ ಮೂವರು ಸೇರಿ ಅದನ್ನು ಮುಟ್ಟಿಸುತ್ತಾರೆ. ಕಲ್ಲು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ನಿಲ್ಲಲು ಸುಮಾರು 25 ಸೆಕೆಂಡ್ ಬೇಕು. ಅಷ್ಟರಲ್ಲಿ ದೂರವನ್ನು ಗುಡಿಸುವವರು ಅಳೆಯುತ್ತಾರೆ, ದಿಕ್ಕನ್ನು ಸ್ಕಿಪ್ ಅಳೆಯುತ್ತಾನೆ. ಆ ಕೂಗಾಟವೆಲ್ಲ ಒಬ್ಬರಿಗೆ ಕಂಡದ್ದನ್ನು ಇನ್ನೊಬ್ಬರಿಗೆ ಮುಟ್ಟಿಸಲು. ಟಿವಿಯಲ್ಲಿ ಇದೆಲ್ಲಿ ಗೊತ್ತಾಗುತ್ತದೆ! ಕೆಲವು ವರ್ಷಗಳ ಹಿಂದೆ ಹೊಸ ಬಗೆಯ ಒರಟು ಬಟ್ಟೆ ಬಂದು, ಕಲ್ಲನ್ನು ಬೇಕಾದ ಕಡೆಗೆ ನಡೆಸುವಷ್ಟು ಬಲ ಪೊರಕೆಗೆ ಸಿಕ್ಕಿತ್ತಂತೆ. ಆಟಗಾರರೇ ಗಲಾಟೆ ಎಬ್ಬಿಸಿದರು, 2016ರಲ್ಲಿ ವಿಶ್ವ ಒಕ್ಕೂಟ ಬಟ್ಟೆಗೂ ನಿಯಮ ಮಾಡಿತು.

ಒಂದು ಕಲ್ಲಿನ ಮುಂದೆ ಈ ತುದಿಯಿಂದ ಆ ತುದಿಗೆ ಉಜ್ಜಿದ್ದಕ್ಕೆ ನನ್ನ ಹೆಗಲು ರಾತ್ರಿಯೆಲ್ಲ ಮಾತಾಡಿತು.

ಬುಧವಾರ, ಪಂದ್ಯ

ತಂಗಿಯ ಮಗಳ ಗೆಳೆಯರ ತಂಡಕ್ಕೆ ಒಬ್ಬರು ಕಡಿಮೆ ಬಿದ್ದರು. ಸ್ನೇಹದ ಪಂದ್ಯ, ಆರೇ ಎಂಡ್. "ದೊಡ್ಡಮ್ಮ, ನೀವು ಲೀಡ್. ಮೊದಲ ಎರಡು ಕಲ್ಲು ನಿಮ್ಮದು. ಆ ತುದಿಯ ಹಾಗ್ ಗೆರೆ ದಾಟಿಸಿ, ಹೌಸ್ ಮುಟ್ಟಿಸಬೇಡಿ, ಮಿಕ್ಕಿದ್ದು ನಮಗೆ ಬಿಡಿ" ಎಂದಳು. ಎದುರು ತಂಡ ನಿವೃತ್ತರದ್ದು. ಕೈಕುಲುಕಿ, 'ಗುಡ್ ಕರ್ಲಿಂಗ್' ಎಂದು ಹಾರೈಸಿ ಆಟ ಶುರುವಾಯಿತು. ಅಂಪೈರ್ ಇರಲಿಲ್ಲ.

ನನ್ನ ಕೆಲವು ಕಲ್ಲುಗಳು ಗೆರೆ ದಾಟದೆ ನಿಂತವು. ಅಂಥವನ್ನು ಪಕ್ಕಕ್ಕೆ ತೆಗೆದುಬಿಡುತ್ತಾರೆ. ಎರಡನೆಯ ಎಂಡ್‌ನಲ್ಲಿ ಒಂದು ಕಲ್ಲು ನಾನು ಅಂದುಕೊಂಡ ಜಾಗಕ್ಕಿಂತ ಬಹಳ ಆಚೆ, ಹೌಸ್‌ನ ಮುಂದೆ ಸರಿಯಾಗಿ ನಡುವೆ ಹೋಗಿ ನಿಂತಿತು. ಎದುರಾಳಿಗಳ ಸ್ಕಿಪ್ ಪೊರಕೆಯನ್ನು ಮಂಜಿಗೆ ತಟ್ಟಿ ಮೆಚ್ಚಿಕೊಂಡರು. ಎದುರಾಳಿಯ ಒಳ್ಳೆಯ ಕಲ್ಲಿಗೆ ಹಾಗೆ ತಟ್ಟುವುದು, ಎದುರಾಳಿ ತಪ್ಪಿದಾಗ ಸುಮ್ಮನಿರುವುದು ಇಲ್ಲಿನ ಮರ್ಯಾದೆ. ಅದೇ ಕಲ್ಲಿನ ಹಿಂದೆ ನಮ್ಮವರು ಇನ್ನೆರಡನ್ನು ಅಡಗಿಸಿ ಎರಡು ಅಂಕ ಪಡೆದರು. ಮುಂದಿನ ಎಂಡ್‌ನಲ್ಲಿ ಅವರು ಹ್ಯಾಮರ್ ಹಿಡಿದು ಮೂರು ತೆಗೆದುಕೊಂಡರು.

ಐದನೆಯ ಎಂಡ್‌ನಲ್ಲಿ ಅವರ ಕಲ್ಲು ನಮ್ಮದನ್ನು ತಳ್ಳಲು ಬರುತ್ತಿತ್ತು. ಗುಡಿಸುತ್ತಿದ್ದ ಹಿರಿಯರು ಥಟ್ಟನೆ ಪೊರಕೆ ಎತ್ತಿ, "ನನ್ನ ಪೊರಕೆ ತಾಗಿತು" ಎಂದರು. ನಮ್ಮಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಓಡುವ ಕಲ್ಲು ಆ ತುದಿಯ ಹಾಗ್ ಗೆರೆ ದಾಟುವ ಮುನ್ನ ಅದಕ್ಕೆ ಸ್ವಂತ ತಂಡದವರ ಪೊರಕೆ ತಾಗಿದರೆ ಆ ಕಲ್ಲು ಹೋದಂತೆ. ಅವರೇ ಬಗ್ಗಿ ಅದನ್ನು ಆಚೆಗೆ ತಳ್ಳಿದರು, ಅವರ ಸ್ಕಿಪ್ ತಲೆಯಾಡಿಸಿದರು, ಆಟ ಮುಂದುವರಿಯಿತು. ಯಾರೂ ಅವರನ್ನು ಹೊಗಳಲಿಲ್ಲ. ಅಲ್ಲಿ ಅದು ಹೊಗಳುವ ಸಂಗತಿಯೇ ಅಲ್ಲ.

ಆ ಎಂಡ್ ನಮಗೆ ಸಿಕ್ಕಿತು. ಆರನೆಯದರಲ್ಲಿ ಎರಡು ಕಲ್ಲು ಬಟನ್‌ನಿಂದ ಒಂದೇ ದೂರದಲ್ಲಿರುವಂತೆ ಕಂಡವು. ನಡುವೆ ಸೂಜಿ ನೆಟ್ಟು ತಿರುಗಿಸುವ ಅಳತೆಯ ಸಲಾಕೆ ತಂದರು. ಎರಡೂ ತಂಡದ ವೈಸ್ ಸ್ಕಿಪ್‌ಗಳು ಬಗ್ಗಿ ಕುಳಿತರು, ಮಿಕ್ಕವರು ದೂರ ನಿಂತೆವು. ಅವರದು ಕೂದಲೆಳೆಯಷ್ಟು ಒಳಗಿತ್ತು. ಒಂದು ಅಂಕದಿಂದ ಸೋತೆವು.

ಸಂಪ್ರದಾಯದಂತೆ ಗೆದ್ದವರೇ ಮೇಲಿನ ಅಂತಸ್ತಿನಲ್ಲಿ ಮೊದಲ ಸುತ್ತಿನ ಪಾನೀಯ ಕೊಡಿಸಿದರು. ನಾನು ಬಿಸಿ ಚಾಕೊಲೇಟ್ ಎಂದೆ. ಪೊರಕೆ ತಾಗಿಸಿದ ಹಿರಿಯರು ಪಕ್ಕದಲ್ಲಿ ಬಂದು ಕುಳಿತು, ಮುಂದಿನ ಬುಧವಾರ ಅವರ ತಂಡದ ಲೀಡ್ ರಜೆಯ ಮೇಲೆ ಹೋಗುತ್ತಿದ್ದಾರೆ, ನಾನು ಇನ್ನೂ ಇಲ್ಲೇ ಇರುತ್ತೇನೆಯೇ ಎಂದು ವಿಚಾರಿಸಿದರು. ತಂಗಿಯ ಮಗಳು ಎದುರಿನಿಂದಲೇ, "ಅವರು ನಮ್ಮ ತಂಡ, ಕೊಡುವುದಿಲ್ಲ" ಎಂದಳು. ಎರಡನೆಯ ಸುತ್ತು ಸೋತವರದ್ದು. ಪರ್ಸು ಹಿಡಿದು ಎದ್ದೆ.